ಡೆಟ್ಮೋಲ್ಡಿನ ರಂಗಮಂದಿರವೂ ಅದರ ಸಂಚಾರವೂ

ಜರ್ಮನ್ ನಾಟಕಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೈಮಾರ್, ಬರ್ಲಿನ್, ಮೈನಿಂಗೆನ್ ಮೊದಲಾದ ಪ್ರಸಿದ್ಧ ಸ್ಥಳಗಳನ್ನೇ ಆಧಾರವಾಗಿಟ್ಟುಕೊಳ್ಳುವರು. ಸಣ್ಣ ಊರಿನ ರಂಗಮಂದಿರವೊಂದು ಸುತ್ತಣ ಊರುಗಳಿಗೆ ಹೋಗಿ ನಾಟಕವಾಡುವುದನ್ನು ಅವರು ಹೇಳಿದರೂ, ಕೇಂದ್ರಸ್ಥಾನದವರು ಹೊರಗಣವರಿಗೆ ಮಾಡಿದ ಉಪಕಾರವೆಂಬಂತೆ ಹೇಳಿ ಮುಗಿಸುವರು. ಲಿಪ್ಪೆ ಸಂಸ್ಥಾನದ ರಾಜಧಾನಿಯಾಗಿದ್ದ ಡೆಟ್ಮೋಲ್ಡಿನ ಚರಿತ್ರೆಯು ಈ ಎಣಿಕೆಗೆ ವಿರುದ್ಧವಾದ ಸಾಕ್ಷ್ಯವನ್ನು ಕೊಡುತ್ತದೆ. ಅಲ್ಲಿ ಸಂಚಾರವು ರಂಗಮಂದಿರದ ಔದಾರ್ಯದಿಂದ ಹುಟ್ಟಿದುದಲ್ಲ. ಅದರ ಬಡತನದಿಂದ ಹುಟ್ಟಿದುದು.

ವೆಸ್ಟ್‌ಫಾಲಿಯದ ಪೂರ್ವದ ಅಂಚಿನಲ್ಲಿ, ಟ್ಯೂಟೊಬುರ್ಗ್ ಕಾಡಿನ ಮಗ್ಗುಲಲ್ಲಿರುವ ಲಿಪ್ಪೆಯು ಜರ್ಮನಿಯ ಅತಿ ಚಿಕ್ಕ ಸಂಸ್ಥಾನಗಳಲ್ಲಿ ಒಂದು. ಇದರ ದೊರೆಯಾದ ಎರಡನೆಯ ಲಿಯೊಪೋಲ್ಡನು ಸಂಗೀತದಲ್ಲಿಯೂ ನಾಟಕದಲ್ಲಿಯೂ ಆಸಕ್ತನಾಗಿದ್ದು, ತನ್ನ ರಾಜಧಾನಿಯಲ್ಲಿ ಒಂದು ರಂಗಮಂದಿರವನ್ನು ಕಟ್ಟಿಸಿದನು. ಅದು 1825ನೆಯ ಇಸವಿ ನವೆಂಬರಿನಲ್ಲಿ ಮೊಜಾರ್ಟನ ‘ಟೀಟುಸ್’ ಎಂಬ ಗೀತನಾಟಕದೊಡನೆ ಪ್ರಾರಂಭವಾಯಿತು. ಆಡಳಿತವು ಆಗಸ್ಟ್ ಪಿಖ್ಲರ್ ಎಂಬ ಅನುಭವಶಾಲಿಯಾದ ನಾಟಕಾಧ್ಯಕ್ಷನ ಕೈಗೆ ಬಂದಿತು.

ಆದರೆ ಮಂದಿರವನ್ನು ಕಟ್ಟಿಸುವುದು ಬೇರೆ, ಅದನ್ನು ತುಂಬಿಸುವುದು ಬೇರೆ. ಡೆಟ್ಮೋಲ್ಡಿನಲ್ಲಿ ಆಗ ಇದ್ದ ಜನಸಂಖ್ಯೆ ಕೆಲವು ಸಾವಿರ ಮಾತ್ರ. ಒಂದೇ ನಾಟಕವನ್ನು ಹಲವು ಬಾರಿ ಆಡಿದರೆ ನೋಡುವವರಿಲ್ಲ; ನಿತ್ಯವೂ ಹೊಸ ನಾಟಕವನ್ನು ಆಡಲು ದ್ರವ್ಯವಿಲ್ಲ, ಕಾಲವೂ ಇಲ್ಲ. ಆದುದರಿಂದ ಪಿಖ್ಲರನು ತನ್ನ ನಟವರ್ಗವನ್ನು ಕಟ್ಟಿಕೊಂಡು ಮ್ಯೂನ್‌ಸ್ಟರ್, ಓಸ್ನಾಬ್ರ್ಯೂಕ್, ಪಿರ್ಮೋಂಟ್ ಎಂಬ ಊರುಗಳಿಗೆ ಹೋಗಿ ನಾಟಕಗಳನ್ನಾಡುತ್ತಿದ್ದನು. ಈ ಪದ್ಧತಿ ಅವನೊಬ್ಬನದೇ ಅಲ್ಲ. ವೈಮಾರಿನ ಆಸ್ಥಾನ ರಂಗಮಂದಿರವನ್ನು 1791ರಿಂದ 1817ರ ವರೆಗೆ ನಡಸಿದ ಗ್ಯೋಟೆಯೂ ತನ್ನ ನಟರನ್ನು ಬೇಸಗೆಯಲ್ಲಿ ಲೌಖ್‌ಷ್ಟೆಟ್ ಎಂಬ ಸ್ನಾನಕ್ಷೇತ್ರಕ್ಕೆ ಕಳುಹಿಸುತ್ತಿದ್ದನು. 1802ರಲ್ಲಿ ಅಲ್ಲಿ ಬೇರೊಂದು ರಂಗಮಂದಿರವನ್ನೇ ಕಟ್ಟಿಸಿದನು.

ಈ ಸಂಚಾರದ ಸ್ವರೂಪವು ಗಮನಾರ್ಹವಾದುದು. ಮ್ಯೂನ್‌ಸ್ಟರ್ ನಗರವು ಪ್ರಷ್ಯಕ್ಕೆ ಸೇರಿದ್ದಿತು, ಓಸ್ನಾಬ್ರ್ಯೂಕ್ ಹಾನೋವರಿಗೆ, ಪಿರ್ಮೋಂಟ್ ವಾಲ್ಡೆಕ್ ಸಂಸ್ಥಾನಕ್ಕೆ. ಲಿಪ್ಪೆಯ ದೊರೆಯ ಹಣದಿಂದ ಪೋಷಿತರಾದ ನಟರು ಹೀಗೆ ಮೂವರು ಅನ್ಯ ಪ್ರಭುಗಳ ಪ್ರಜೆಗಳ ಮುಂದೆ ಆಡಬೇಕಾಗಿದ್ದಿತು. ಲಿಪ್ಪೆಯ ಜನರು ಬಹುಮಟ್ಟಿಗೆ ಕಾಲ್ವಿನ್ ಮತದವರು, ಮ್ಯೂನ್‌ಸ್ಟರಿನವರು ಕ್ಯಾಥೊಲಿಕರು. ಡೆಟ್ಮೋಲ್ಡಿಗೆ ರೈಲುದಾರಿ ಬಂದುದು 1880ರಲ್ಲಿ. ಅದಕ್ಕೆ ಮೊದಲು ಸುಮಾರು 60 ಮೈಲಿ ದೂರದ ಮ್ಯೂನ್‌ಸ್ಟರಿಗೆ ಪರದೆ, ಉಡುಪು, ವಾದ್ಯಗಳೊಡನೆ ಗಾಡಿಗಳಲ್ಲಿಯೇ ಸಾಗಬೇಕಾಗಿದ್ದಿತು.

ಈ ಮಂಡಳಿಯಲ್ಲಿ 1826ರಿಂದ 1833ರ ವರೆಗೆ ಇದ್ದ ಆಲ್ಬರ್ಟ್ ಲೋರ್ಟ್‌ಸಿಂಗನ ವೃತ್ತಾಂತವು ಮೇಲಿನ ಮಾತಿಗೆ ಒಳ್ಳೆಯ ನಿದರ್ಶನ. ಮುಂದೆ ಜರ್ಮನ್ ವಿನೋದ ಗೀತನಾಟಕದ ಕರ್ತೃವೆಂದು ಕೀರ್ತಿಶಾಲಿಯಾದ ಈತನು ಡೆಟ್ಮೋಲ್ಡಿನಲ್ಲಿ ನಟನೂ ಗಾಯಕನೂ ಆಗಿದ್ದನು. ಹೆಂಡತಿ ರೋಸೀನೆಯೂ ಅದೇ ಮಂಡಳಿಯ ನಟಿ. ಚಿಕ್ಕ ಮಂಡಳಿಯಲ್ಲಿ ಒಬ್ಬನೇ ಹಲವು ಕೆಲಸಗಳನ್ನು ಮಾಡಬೇಕಾಗುವುದು ಸಹಜ. ರಂಗದ ಒಳಹೊರಗುಗಳನ್ನು ಲೋರ್ಟ್‌ಸಿಂಗನು ಕಲಿತುದು ಇಂತಹ ದುಡಿಮೆಯಲ್ಲಿಯೇ. ಇದಕ್ಕಿಂತಲೂ ಮುಖ್ಯವಾದುದು, ಅವನ ಆರಂಭದ ಕೃತಿಗಳು ಎಲ್ಲಿ ಬೆಳಕಿಗೆ ಬಂದವೆಂಬುದು. ‘ಯಾನಿನದ ಆಲಿ ಪಾಷಾ’ ಎಂಬ ಏಕಾಂಕ ಗೀತನಾಟಕವು ಮೊದಲು ರಂಗವನ್ನೇರಿದುದು 1828ರ ಫೆಬ್ರವರಿಯಲ್ಲಿ, ಮ್ಯೂನ್‌ಸ್ಟರಿನಲ್ಲಿ. ಕ್ರಿಸ್ತನ ಸ್ವರ್ಗಾರೋಹಣವನ್ನು ಕುರಿತ ಅವನ ಭಕ್ತಿಗೀತ ಪ್ರಬಂಧವನ್ನು ಮೊದಲು ಹಾಡಿದುದೂ ಅದೇ ವರ್ಷ, ಅದೇ ನಗರದಲ್ಲಿ. ‘ಪೋಲಂಡಿನವನೂ ಅವನ ಮಗುವೂ’ ಎಂಬ ಗೀತರೂಪಕವು 1832ರಲ್ಲಿ ಓಸ್ನಾಬ್ರ್ಯೂಕಿನಲ್ಲಿ ಮೊದಲಾಯಿತು. ಎಂದರೆ ರಾಜಧಾನಿಯಲ್ಲಿ ಹಳೆಯದಾದುದನ್ನು ಹೊರ ಊರುಗಳಿಗೆ ಹಂಚುವುದಷ್ಟೇ ಸಂಚಾರದ ಕೆಲಸವಾಗಿರಲಿಲ್ಲ. ಹೊಸದು ಹುಟ್ಟುತ್ತಿದ್ದುದೂ ದಾರಿಯಲ್ಲಿಯೇ.

ಊರಿನ ಸ್ವಂತ ಕವಿಗೆ ದೊರೆತ ಭಾಗ್ಯವಾದರೋ ಅಲ್ಪವಾದುದು. ಲೋರ್ಟ್‌ಸಿಂಗನೂ ಕ್ರಿಸ್ಟಿಯಾನ್ ಡೀಟ್ರಿಖ್ ಗ್ರಾಬ್ಬೆಯೂ ಹುಟ್ಟಿದುದು 1801ರಲ್ಲಿಯೇ. ಡೆಟ್ಮೋಲ್ಡಿನ ಸೆರೆಮನೆಯ ಅಧಿಕಾರಿಯ ಮಗನಾದ ಗ್ರಾಬ್ಬೆಯ ‘ಡಾನ್ ಜುವಾನ್ ಮತ್ತು ಫೌಸ್ಟ್’ ನಾಟಕವನ್ನು 1829ರ ಮಾರ್ಚಿಯಲ್ಲಿ ಇಲ್ಲಿ ಆಡಿದರು. ಲೋರ್ಟ್‌ಸಿಂಗನು ಅದಕ್ಕೆ ಸಂಗೀತವನ್ನು ರಚಿಸಿದುದಲ್ಲದೆ ಡಾನ್ ಜುವಾನನ ಪಾತ್ರವನ್ನೂ ವಹಿಸಿದನು. 1836ರಲ್ಲಿ ತೀರಿಕೊಂಡ ಕವಿಯು ಜೀವಿಸಿದ್ದಾಗ ರಂಗದಲ್ಲಿ ಕಂಡ ಅವನ ನಾಟಕವು ಇದೊಂದೇ. ಹಲವು ಊರುಗಳನ್ನು ನೆಚ್ಚಿಕೊಂಡ ಮಂಡಳಿಗೆ ಹಲವರು ಮೆಚ್ಚುವ ನಾಟಕಗಳೇ ಬೇಕು. ಬಹು ಪಾತ್ರಗಳನ್ನೂ ದೊಡ್ಡ ಯುದ್ಧಗಳನ್ನೂ ರಂಗಕ್ಕೆ ತರಬಯಸಿದ ಗ್ರಾಬ್ಬೆಯಂತಹವನಿಗೆ ಅಂತಹ ರಂಗದಲ್ಲಿ ಎಡೆ ಕಿರಿದು. ಸಂಚಾರದ ಲಾಭವನ್ನು ಹೇಳುವಾಗ ಈ ನಷ್ಟವನ್ನೂ ಎಣಿಸಬೇಕು. ಅವನು ತೀರಿಕೊಂಡು ನೂರು ವರ್ಷ ತುಂಬಿದ 1936ರಲ್ಲಿ ನಾತ್ಸಿ ಆಳಿಕೆಯವರು ಡೆಟ್ಮೋಲ್ಡಿನಲ್ಲಿ ಅವನ ಹೆಸರಿನ ಉತ್ಸವವನ್ನು ನಡಸಿ, ಮರೆತಿದ್ದ ಕವಿಯನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡರು.

ಈ ರಂಗಮಂದಿರವು ಮೂರು ಬಾರಿ ತನ್ನ ಆಧಾರವನ್ನು ಕಳೆದುಕೊಂಡಿತು. 1912ರ ಫೆಬ್ರವರಿಯಲ್ಲಿ ಹಳೆಯ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಮಹಾಯುದ್ಧದ ನಡುವೆ, 1915ರಲ್ಲಿ, ಹೊಸ ಮಂದಿರವು ಲೋರ್ಟ್‌ಸಿಂಗನ ‘ಉಂಡೀನೆ’ಯೊಡನೆ ತೆರೆಯಿತು. 1918ರ ನವೆಂಬರಿನಲ್ಲಿ ನಾಲ್ಕನೆಯ ಲಿಯೊಪೋಲ್ಡನು ಪಟ್ಟವನ್ನು ಬಿಟ್ಟುಕೊಟ್ಟುದರಿಂದ ಆಸ್ಥಾನವೇ ಇಲ್ಲವಾಗಿ, ಆಸ್ಥಾನದ ರಂಗಮಂದಿರವು ‘ಲಾಂಡೆಸ್‌ತೆಯಾಟರ್’ ಅಂದರೆ ನಾಡಿನ ರಂಗಮಂದಿರವೆನಿಸಿತು. ಕೊನೆಗೆ 1947ರಲ್ಲಿ ಆ ನಾಡೇ ಪ್ರತ್ಯೇಕತೆಯನ್ನು ಕಳೆದುಕೊಂಡು ಉತ್ತರ ರೈನ್-ವೆಸ್ಟ್‌ಫಾಲಿಯದಲ್ಲಿ ಸೇರಿಹೋಯಿತು. ಆದರೆ ಲಿಪ್ಪೆಯವರು ತಮ್ಮ ಹಳೆಯ ರಾಜ್ಯದ ಆಸ್ತಿಯನ್ನು ಬಿಟ್ಟುಕೊಡಲಿಲ್ಲ. ಕಾಡುಗಳೇ ಮೊದಲಾದ ಆ ಸ್ವತ್ತನ್ನು ನೋಡಿಕೊಳ್ಳಲು 1949ರಲ್ಲಿ ಏರ್ಪಟ್ಟ ಲಿಪ್ಪೆ ಪ್ರಾಂತ ಸಂಘವು ರಂಗಮಂದಿರಕ್ಕೂ, ವಸ್ತುಸಂಗ್ರಹಾಲಯಕ್ಕೂ, ಗ್ರಂಥಭಂಡಾರಕ್ಕೂ ಒತ್ತಾಸೆಯಾಗಿ ನಿಂತಿದೆ. ದೊರೆಯ ಕಾಲದ ಕಾಡು ಈಗ ಪ್ರಜೆಗಳ ನಾಟಕಕ್ಕೆ ನೆರವಾಗುತ್ತಿದೆ.

ಇಂದು ಈ ರಂಗಮಂದಿರವು ಯುರೋಪಿನ ಅತಿ ದೊಡ್ಡ ಸಂಚಾರಿ ರಂಗಸಂಸ್ಥೆಯೆಂದು ಹೆಸರಾಗಿದೆ. ಗೀತನಾಟಕ, ನೃತ್ಯನಾಟಕ, ಮಾತಿನ ನಾಟಕ ಮೂರನ್ನೂ ಅದು ಸ್ವಂತ ರಂಗವಿಲ್ಲದ ಊರುಗಳಿಗೆ ಕೊಂಡೊಯ್ಯುತ್ತದೆ. ಅಗಲ ಎತ್ತರಗಳಲ್ಲಿ ಒಂದನ್ನೊಂದು ಹೋಲದ ವೇದಿಕೆಗಳಿಗೆ ಹೊಂದುವಂತೆ ದೃಶ್ಯಸಾಮಗ್ರಿಯನ್ನು ರಚಿಸಬೇಕು. ಬಿಚ್ಚಿ, ಸಾಗಿಸಿ, ಅದೇ ದಿನ ಮತ್ತೆ ನಿಲ್ಲಿಸುವಂತಿರಬೇಕು. ಪಿಖ್ಲರನ ಗಾಡಿಗಳ ಸ್ಥಾನಕ್ಕೆ ಲಾರಿಗಳು ಬಂದಿವೆ. ಕೆಲಸದ ಸ್ವಭಾವ ಬದಲಾಗಿಲ್ಲ.

ಹೊರ ಊರಿನಲ್ಲಿ ಆಡುವ ಆಟಕ್ಕೆ ಜರ್ಮನ್ ನಟರು ‘ಆಬ್‌ಷ್ಟೆಖರ್’ ಎನ್ನುವರು. ಹೆದ್ದಾರಿಯಿಂದ ಪಕ್ಕಕ್ಕೆ ಸರಿದು ಹೋಗಿಬರುವುದೆಂದು ಆ ಮಾತಿನ ಅರ್ಥ. ಡೆಟ್ಮೋಲ್ಡಿನ ಮಟ್ಟಿಗೆ ಈ ಹೆಸರು ಸಲ್ಲುವುದಿಲ್ಲ. ದೊರೆ ಹೋದನು, ಸಂಸ್ಥಾನ ಹೋಯಿತು, ಮೊದಲ ಕಟ್ಟಡವೂ ಹೋಯಿತು. 1820ರ ದಶಕದಿಂದ ಉಳಿದುಬಂದುದು ಊರೂರಿಗೆ ಹೋಗುವ ಈ ಪದ್ಧತಿ. ಇಲ್ಲಿ ಪಕ್ಕದ ದಾರಿಯೆನಿಸಿದುದೇ ಹೆದ್ದಾರಿಯಾಗಿದ್ದಿತು.