ಬಿದನೂರು–ಶ್ರೀರಂಗಪಟ್ಟಣಗಳ ನಡುವಣ ದೀರ್ಘಸಂಧಿ (ಕ್ರಿ. ಶ. ೧೬೯೪–೧೭೬೩)

ಕೆಳದಿಯ ಅರಸರ ಚರಿತ್ರೆಯನ್ನು ಬರೆದವರೆಲ್ಲರೂ ಶಿವಪ್ಪನಾಯಕನ ದಂಡಯಾತ್ರೆಗಳನ್ನೂ, ಚೆನ್ನಮ್ಮಾಜಿಯು ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತ ಸಂಗತಿಯನ್ನೂ, ಹೈದರಾಲಿಯ ಕೈಗೆ ಬಿದನೂರು ಸಿಕ್ಕ ದುರಂತವನ್ನೂ ವಿಸ್ತಾರವಾಗಿ ವರ್ಣಿಸಿರುವರು. ಮೈಸೂರಿನ ಚರಿತ್ರಕಾರರೂ ಅದೇ ರೀತಿಯಲ್ಲಿ ಚಿಕ್ಕದೇವರಾಜ ಒಡೆಯರ ವಿಜಯಗಳಿಂದ ಹಾರಿ ಹೈದರನ ಏಳಿಗೆಗೆ ಬಂದು ನಿಲ್ಲುತ್ತಾರೆ. ಈ ಎರಡು ಮೇರೆಗಳ ನಡುವೆ ಸುಮಾರು ಎಪ್ಪತ್ತು ವರ್ಷಗಳಿವೆ. ಅಷ್ಟು ದೀರ್ಘಕಾಲ ಮೈಸೂರಿನ ಸೇನೆಯು ಬಿದನೂರಿನ ಬಾಗಿಲಲ್ಲಿ ನಿಂತುದಿಲ್ಲ. ಬಿದನೂರಿನ ಸೇನೆಯು ಶ್ರೀರಂಗಪಟ್ಟಣದ ಹೊಳೆಯನ್ನು ಕಂಡುದಿಲ್ಲ. ಕನ್ನಡ ನಾಡಿನ ಎರಡು ಪ್ರಬಲ ರಾಜ್ಯಗಳು ಹೀಗೆ ನೆರೆಹೊರೆಯಲ್ಲಿ ಬಾಳಿದುದು ಏತರಿಂದ ಸಾಧ್ಯವಾಯಿತು, ಕೊನೆಗೆ ಅದು ಮುರಿದುದು ಏಕೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಶಾಂತಿಯನ್ನು ಸ್ನೇಹವೆಂದು ಭ್ರಮಿಸಬಾರದು. ಇದರ ಹಿಂದೆ ಕಹಿಯಾದ ವೈರವೇ ಇದ್ದಿತು. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನು, ರಾಜ್ಯಭ್ರಷ್ಟನಾದ ವಿಜಯನಗರದ ಶ್ರೀರಂಗರಾಯನ ಪಕ್ಷವನ್ನು ಹಿಡಿದು, ತನ್ನ ಆಳ್ವಿಕೆಯ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣವನ್ನೇ ಮುತ್ತಿದನು. ರಾಯನಿಗೆ ನೆರವಾಗುವುದು ಹೊರಗಿನ ಕಾರಣ; ಹಾಸನ–ಬೇಲೂರುಗಳ ಸೀಮೆಯಲ್ಲಿ ಯಾರ ಮಾತು ನಡೆಯಬೇಕೆಂಬುದೇ ಒಳಗಿನ ಕಾರಣ. ಮುತ್ತಿಗೆಯು ಫಲಿಸಲಿಲ್ಲ, ಆದರೆ ಬಲಂ ಸೀಮೆಯ ಮೇಲೆ ಕೆಳದಿಯ ಕೈ ಬಹುಕಾಲ ಉಳಿಯಿತು. ಚಿಕ್ಕದೇವರಾಜರು (೧೬೭೩–೧೭೦೪) ಪಟ್ಟಕ್ಕೆ ಬಂದು, ದಕ್ಷಿಣದಿಕ್ಕನ್ನು ಭದ್ರಪಡಿಸಿಕೊಂಡು, ೧೬೮೭ರಲ್ಲಿ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಮೊಗಲರಿಂದ ಪಡೆದ ಮೇಲೆ, ಪಶ್ಚಿಮದ ಕಡೆಗೆ ತಿರುಗಿದರು. ೧೬೯೦ರ ಸುಮಾರಿನಿಂದ ಮುಂದಣ ನಾಲ್ಕು ವರ್ಷಗಳಲ್ಲಿ ಕಡೂರು, ಸಕ್ಕರೆಪಟ್ಟಣ, ವಸ್ತಾರೆಗಳ ಕಡೆಯೂ, ಅರಕಲಗೂಡು–ಹಾಸನಗಳ ಕಡೆಯೂ ಯುದ್ಧ ನಡೆಯಿತು. ಆಗ ಬಿದನೂರಿನಲ್ಲಿ ಆಳುತ್ತಿದ್ದವಳು ಚೆನ್ನಮ್ಮಾಜಿ.

ಈ ಯುದ್ಧದಲ್ಲಿ ಗೆದ್ದವರು ಯಾರು? ಕೆಳದಿಯ ಪಕ್ಷದ ಕಥನವನ್ನೋದಿದರೆ ಜಯ ಕೆಳದಿಯದು. ಶ್ರೀರಂಗಪಟ್ಟಣದ ಆಸ್ಥಾನದ ಪ್ರಶಸ್ತಿಗಳನ್ನೋದಿದರೆ ಇಕ್ಕೇರಿಯ ಮದವನ್ನು ಮುರಿದವರು ಚಿಕ್ಕದೇವರಾಜರು. ಸಾಹಿತ್ಯದ ಅಧ್ಯಾಪಕರಾದವರು ಇಂತಹ ವಿರೋಧವನ್ನು ಕಂಡಾಗ ಒಂದನ್ನು ಸತ್ಯವೆಂದೂ ಇನ್ನೊಂದನ್ನು ಮುಖಸ್ತುತಿಯೆಂದೂ ತೀರ್ಮಾನಿಸಲು ಆತುರಪಡುತ್ತಾರೆ. ನಮಗೆ ತೋರುವ ಮಟ್ಟಿಗೆ, ಇಬ್ಬರೂ ತಾವೇ ಗೆದ್ದೆವೆಂದು ಹೇಳಿಕೊಳ್ಳಲು ಅವಕಾಶವಿದ್ದುದರಿಂದಲೇ ಸಂಧಿಯು ನಿಂತಿತು. ಭೂಮಿಯ ಲೆಕ್ಕದಲ್ಲಿ ನೋಡಿದರೆ ಮೈದಾನದ ಸೀಮೆ ಮೈಸೂರಿಗೆ ಹೋಯಿತು. ಮಲೆನಾಡೂ ಕರಾವಳಿಯೂ ಕೆಳದಿಗೆ ಉಳಿದುವು. ರೈಸರ ಗೆಜೆಟಿಯರಿನ ಪ್ರಕಾರ ೧೬೯೪ರ ಈ ಒಡಂಬಡಿಕೆಯಲ್ಲಿ ಮಂಜರಾಬಾದಿನ ಆರು ನಾಡುಗಳು ಬಲಂ ವಂಶದ ಕೃಷ್ಣಪ್ಪನಾಯಕನಿಗೆ ಸಂದುವು. (ಮಂಜರಾಬಾದೆಂಬ ಹೆಸರು ಟಿಪ್ಪುವಿನ ಕಾಲದ್ದು, ಸಂಧಿ ನಡೆದಾಗ ಅದು ಬಲಂ ಸೀಮೆಯೇ.) ಕಲಹದ ಮೂಲವಾಗಿದ್ದ ಘಟ್ಟದಂಚಿನ ನೆಲವನ್ನು ಇಬ್ಬರೂ ನುಂಗದೆ ಮೂರನೆಯ ಸಣ್ಣ ಪಾಳೆಯಗಾರನ ಕೈಯಲ್ಲಿ ಬಿಟ್ಟುದು ಈ ಸಂಧಿಯ ಜಾಣತನ.

ಬಲಂ ಒಂದೇ ಅಲ್ಲ. ಈ ಕಾಲದ ಭೂಪಟವನ್ನು ಕಣ್ಣಮುಂದೆ ಇಟ್ಟುಕೊಂಡರೆ ಎರಡು ರಾಜ್ಯಗಳ ಮೈಗೆ ಮೈ ತಾಗುವ ಎಲ್ಲೆಯು ಬಹಳ ಚಿಕ್ಕದೆಂಬುದು ಗೊತ್ತಾಗುತ್ತದೆ. ಈಶಾನ್ಯದಲ್ಲಿ ಚಿತ್ರದುರ್ಗದ ನಾಯಕರು. ಪೂರ್ವದಲ್ಲಿ ತರೀಕೆರೆಯ ಪಾಳೆಯಪಟ್ಟು. ದಕ್ಷಿಣದಲ್ಲಿ ಹಾಲೇರಿ ವಂಶದವರ ಕೊಡಗು. ಈ ಹಾಲೇರಿ ಅರಸರು ಇಕ್ಕೇರಿಯ ವಂಶಕ್ಕೆ ಸೇರಿದವರೆಂಬ ಐತಿಹ್ಯವಿದೆ. ಉಳಿದ ಕಿರಿದಾದ ಸಂದಿನಲ್ಲಿ ಕಾಡು, ಮಳೆ, ಜಿಗಣೆ. ವರ್ಷದ ಐದಾರು ತಿಂಗಳು ಆ ಹಾದಿಯಲ್ಲಿ ಫಿರಂಗಿಯ ಬಂಡಿ ನಡೆಯುವಂತಿರಲಿಲ್ಲ. ವೀರಭದ್ರನಾಯಕನು ೧೬೩೯ರಲ್ಲಿ ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಒಯ್ದುದು ಈ ಕಾಡಿನ ಕೋಟೆಯನ್ನು ನೆಚ್ಚಿಯೇ. ಬಿಜಾಪುರದ ರಣದುಲ್ಲಾಖಾನನ ದಾಳಿಯಿಂದ ಅವನು ಕಲಿತ ಪಾಠವದು.

ಆದರೆ ಕಾಡೂ ಮಳೆಯೂ ಶಿವಪ್ಪನಾಯಕನ ಕಾಲದಲ್ಲಿಯೂ ಇದ್ದುವು. ಆಗ ಯುದ್ಧ ನಿಲ್ಲಲಿಲ್ಲ. ಆದುದರಿಂದ ಭೂಗೋಳದಿಂದಲೇ ಎಲ್ಲವನ್ನೂ ವಿವರಿಸಲಾಗದು. ಹೊಸದಾಗಿ ಬಂದುದು ಶಿರಾದ ಮೊಗಲ ಸುಬೆ. ೧೬೮೭ರಲ್ಲಿ ಅದು ಸ್ಥಾಪಿತವಾದ ಮೇಲೆ ಇಬ್ಬರಿಗೂ ಸಮಾನವಾದ, ಇಬ್ಬರಿಗಿಂತಲೂ ಬಲಿಷ್ಠನಾದ ನೆರೆಯವನೊಬ್ಬನು ಬಂದು ಕುಳಿತಂತಾಯಿತು. ೧೬೮೯ರಲ್ಲಿ ರಾಜಾರಾಮನು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಸೀಮೆಯನ್ನು ಹೊಕ್ಕಾಗ ಚೆನ್ನಮ್ಮಾಜಿಯು ಅವನನ್ನು ಹಿಡಿದುಕೊಡಲಿಲ್ಲ. ಅದರ ಫಲವಾಗಿ ಔರಂಗಜೇಬನ ಸೇನೆಯು ಅವಳ ಮೇಲೆ ಬಂದಿತು. ಚಿಕ್ಕದೇವರಾಜರಾದರೋ ೧೭೦೦ರಲ್ಲಿ ಬಾದಶಹನ ಬಳಿಗೆ ರಾಯಭಾರವನ್ನು ಕಳುಹಿಸಿ ಗೌರವವನ್ನು ಪಡೆದರು. ನೀತಿ ಬೇರೆಬೇರೆ, ಭಯ ಒಂದೇ. ಒಬ್ಬರೊಡನೊಬ್ಬರು ಕಾದಾಡಿ ಬೊಕ್ಕಸವನ್ನು ಬರಿದು ಮಾಡಿಕೊಂಡರೆ ಶಿರಾದಿಂದ ಪೇಷ್ಕಷಿನ ಕರೆ ಬಂದಾಗ ಗತಿಯೇನೆಂಬ ಲೆಕ್ಕಾಚಾರ ಎರಡು ಕಡೆಯೂ ಇದ್ದಿರಬೇಕು.

ವಿಲ್ಕ್ಸನು ಹೇಳುವ ಒಂದು ಕಥೆ ಇಲ್ಲಿ ನೆನಪಿಗೆ ಬರುತ್ತದೆ. ತೆರಿಗೆಯ ವಿಷಯದಲ್ಲಿ ರೈತರನ್ನು ಎಬ್ಬಿಸಿದರೆಂಬ ಕಾರಣದಿಂದ ಚಿಕ್ಕದೇವರಾಜರು ನಂಜನಗೂಡಿನಲ್ಲಿ ನೂರಾರು ಜಂಗಮರನ್ನು ಕೊಲ್ಲಿಸಿದರೆಂಬುದು ಆ ಕಥೆ. ಅದರ ಸತ್ಯಾಸತ್ಯತೆ ವಿದ್ವಾಂಸರಲ್ಲಿ ವಿವಾದಗ್ರಸ್ತವಾಗಿದೆ. ಕಥೆಯಲ್ಲಿ ಅರ್ಧವಾದರೂ ನಿಜವಿದ್ದ ಪಕ್ಷದಲ್ಲಿ, ವೀರಶೈವಧರ್ಮಕ್ಕೆ ಆಶ್ರಯವಾಗಿದ್ದ ಬಿದನೂರಿನ ಆಸ್ಥಾನವು ಅದನ್ನು ಕೇಳಿರಲೇಬೇಕು. ಆದರೂ ಸಂಧಿಯಾಯಿತು, ಬಾಳಿತು. ಆ ಕಾಲದ ಅರಸರು ಮತದ ಕಾರಣಕ್ಕಾಗಿ ಕತ್ತಿ ಹಿರಿಯುತ್ತಿದ್ದರೆಂದು ನಂಬುವವರು ಈ ಒಂದು ಉದಾಹರಣೆಯನ್ನು ಸಾವಧಾನವಾಗಿ ಪರಿಶೀಲಿಸಬೇಕು.

ಸಂಧಿಯ ನಿಜವಾದ ಪರೀಕ್ಷೆ ಅದನ್ನು ಮಾಡಿದವರು ತೀರಿಕೊಂಡ ಮೇಲೆ. ೧೬೯೭ರಲ್ಲಿ ಚೆನ್ನಮ್ಮಾಜಿಯ ದತ್ತುಪುತ್ರ ಬಸಪ್ಪನಾಯಕನು ಪಟ್ಟಕ್ಕೆ ಬಂದನು. ೧೭೦೪ರಲ್ಲಿ ಚಿಕ್ಕದೇವರಾಜರು ಕಾಲವಾದರು. ೧೭೧೪ನೆಯ ವರ್ಷ ವಿಚಿತ್ರವಾದುದು: ಆ ಒಂದೇ ವರ್ಷದಲ್ಲಿ ಬಿದನೂರಿನಲ್ಲಿ ಎರಡನೆಯ ಸೋಮಶೇಖರನಾಯಕನೂ ಶ್ರೀರಂಗಪಟ್ಟಣದಲ್ಲಿ ದೊಡ್ಡ ಕೃಷ್ಣರಾಜ ಒಡೆಯರೂ ಸಿಂಹಾಸನವನ್ನೇರಿದರು. ಹೊಸಬರಿಬ್ಬರು ಏಕಕಾಲದಲ್ಲಿ ಬಂದಾಗ ಹಳೆಯ ಹಗೆ ಕೆರಳುವುದು ಸಹಜ. ಇಲ್ಲಿ ಹಾಗಾಗಲಿಲ್ಲ. ಸೋಮಶೇಖರನ ಲಕ್ಷ್ಯವು ಕರಾವಳಿಯ ಕಡೆಗಿತ್ತು. ೧೭೩೨ರ ಸುಮಾರಿಗೆ ಅವನ ಸೇನೆ ನೀಲೇಶ್ವರವನ್ನು ದಾಟಿ ಕೋಲತ್ತುನಾಡಿಗೆ ನುಗ್ಗಿತು. ತಲಚೇರಿಯ ಇಂಗ್ಲಿಷರಿಗೂ ಅವನಿಗೂ ತಿಕ್ಕಾಟವಾಯಿತು. ಇಂದಿನ ಕಾಸರಗೋಡು ಜಿಲ್ಲೆಯ ಹೊಸದುರ್ಗ, ಬೇಕಲ, ಚಂದ್ರಗಿರಿಗಳ ಕೋಟೆಗಳು ಕೆಳದಿಯವರ ಈ ದಕ್ಷಿಣದ ದೃಷ್ಟಿಗೆ ಸಾಕ್ಷಿಯಾಗಿ ನಿಂತಿವೆ. ಮುಂದೆ ಇಮ್ಮಡಿ ಬಸಪ್ಪನಾಯಕನ ಕಾಲದಲ್ಲಿ ಯುದ್ಧವಾದುದು ಚಿತ್ರದುರ್ಗದವರೊಡನೆ. ೧೭೪೮ರಲ್ಲಿ ಮಾಯಕೊಂಡದ ರಣದಲ್ಲಿ ದುರ್ಗದ ಮದಕರಿನಾಯಕನು ಮಡಿದನು. ಮೈಸೂರಿನವರಾದರೋ ದೇವನಹಳ್ಳಿ, ಧಾರಾಪುರ, ತಿರುಚಿನಾಪಳ್ಳಿಗಳಲ್ಲಿ ಮಗ್ನರಾಗಿದ್ದರು. ಹೀಗೆ ಒಬ್ಬರು ಪಶ್ಚಿಮಕ್ಕೂ ಇನ್ನೊಬ್ಬರು ಪೂರ್ವ–ದಕ್ಷಿಣಗಳಿಗೂ ಮುಖ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಂತಿದ್ದರು.

ನಮ್ಮ ವಾದಕ್ಕೆ ಬಲವಾದ ಪ್ರಮಾಣವು ೧೭೫೭ರಲ್ಲಿ ಸಿಕ್ಕುತ್ತದೆ. ಆ ವರ್ಷ ಮರಾಠರು ಶ್ರೀರಂಗಪಟ್ಟಣವನ್ನು ಮುತ್ತಿದರು. ಮೂವತ್ತೆರಡು ಲಕ್ಷ ರೂಪಾಯಿ ಕೊಡುವೆವೆಂದು ಒಪ್ಪಿ, ಕೈಯಲ್ಲಿ ಹಣವಿಲ್ಲದೆ ಸೀಮೆಗಳನ್ನೇ ಒತ್ತೆಯಿಟ್ಟು, ಮೈಸೂರು ಉಸಿರು ಉಳಿಸಿಕೊಂಡಿತು. ದಳವಾಯಿಗಳೊಳಗೆ ಒಡಕು, ಸೈನಿಕರಿಗೆ ಸಂಬಳ ಬಾಕಿ. ಶಿವಪ್ಪನಾಯಕನಂಥವನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ದೊರೆಯುತ್ತಿರಲಿಲ್ಲ. ಬಿದನೂರು ಕದಲಲಿಲ್ಲ. ಅಂತೆಯೇ ೧೬೯೪ರ ಮೇಲೆ ಹತ್ತು ವರ್ಷ ಬಲದ ಶಿಖರದಲ್ಲಿದ್ದ ಚಿಕ್ಕದೇವರಾಜರೂ ಘಟ್ಟವನ್ನು ಹತ್ತಿರಲಿಲ್ಲ. ಒಂದು ರಾಜ್ಯದ ಬಲಹೀನತೆಯಿಂದ ಮಾತ್ರ ಉಂಟಾದ ಶಾಂತಿಯು ಬಲಾಬಲಗಳು ತಲೆಕೆಳಗಾದಾಗ ಮುರಿಯಬೇಕಾಗಿತ್ತು. ಬಿದನೂರಿನವರು ಆಗ ಒಳಜಗಳದಲ್ಲಿ ಮುಳುಗಿದ್ದರೆಂದು ಆಕ್ಷೇಪಿಸಬಹುದು; ಅದು ಸ್ವಲ್ಪಮಟ್ಟಿಗೆ ನಿಜ. ಆದರೂ ಮೂರು ತಲೆಮಾರುಗಳ ಅಭ್ಯಾಸವು ತಾನೇ ಒಂದು ಶಕ್ತಿಯೆಂದು ನಾವು ಭಾವಿಸುತ್ತೇವೆ. ಚೀನಾದೇಶದ ಸುಂಗ್ ಸಾಮ್ರಾಜ್ಯಕ್ಕೂ ಉತ್ತರದ ಲಿಯಾವ್ ರಾಜ್ಯಕ್ಕೂ ೧೦೦೫ರಲ್ಲಿ ಆದ ಸಂಧಿಯು ಒಂದು ಶತಮಾನಕ್ಕೂ ಮಿಕ್ಕಿ ನಡೆಯಿತು. ಅಲ್ಲಿ ವರ್ಷವರ್ಷವೂ ಬೆಳ್ಳಿ–ರೇಷ್ಮೆಗಳ ಕಪ್ಪವಿತ್ತು, ಲಿಖಿತವಾದ ಪ್ರತಿಜ್ಞೆಗಳಿದ್ದುವು. ನಮ್ಮಲ್ಲಿ ಕಪ್ಪವಿಲ್ಲದೆಯೇ ಅದು ನಡೆದುದು ಗಮನಾರ್ಹ.

ಕಪ್ಪವಿರಲಿಲ್ಲ, ವ್ಯಾಪಾರವಿತ್ತು. ಮೈಸೂರಿಗೆ ಆಗ ಪಶ್ಚಿಮಸಮುದ್ರದಲ್ಲಿ ಒಂದು ರೇವೂ ಇರಲಿಲ್ಲ. ಮಂಗಳೂರು, ಬಸರೂರು, ಹೊನ್ನಾವರಗಳೆಲ್ಲ ಕೆಳದಿಯವು. ಘಟ್ಟದ ಮೆಣಸು, ಅಡಕೆ, ಕರಾವಳಿಯ ಅಕ್ಕಿ ಇವೇ ಬಿದನೂರಿನ ಬೊಕ್ಕಸದ ಆಧಾರ. ಶಿವಪ್ಪನಾಯಕನ ಶಿಸ್ತು ಅದಕ್ಕೆ ಲೆಕ್ಕದ ಕಟ್ಟು ಹಾಕಿಕೊಟ್ಟಿತ್ತು. ಮೇಲಣ ಸೀಮೆಯ ಬಟ್ಟೆಯೂ ಧಾನ್ಯವೂ ಇಳಿದು ಹೋಗಲು, ಕೆಳಗಣ ಉಪ್ಪು ಏರಿ ಬರಲು ಘಟ್ಟದ ದಾರಿ ತೆರೆದಿರಬೇಕು. ಶಿವಪಾರ್ವತಿಯರ ಮೂರ್ತಿಯುಳ್ಳ ಇಕ್ಕೇರಿಯ ವರಹವು ಕೆಳದಿಯ ಎಲ್ಲೆಯಾಚೆಗೂ ಚಲಾವಣೆಯಲ್ಲಿದ್ದುದು ಈ ಸಂಚಾರದ ಪರಿಣಾಮ. ಕೆಳದಿಯ ಸೀಮೆಯೊಳಗಿದ್ದ ಶೃಂಗೇರಿಯ ಮಠಕ್ಕೆ ಎರಡು ಮನೆತನಗಳಿಂದಲೂ ಗೌರವ ಸಲ್ಲುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು.

ಈ ಕಾಲದ ಸಾಹಿತ್ಯವನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಓದುವ ರೂಢಿ ನಮ್ಮಲ್ಲಿದೆ: ಮೈಸೂರಿನದು ಒಂದು, ಕೆಳದಿಯದು ಇನ್ನೊಂದು. ಒಟ್ಟಿಗಿಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಇವರು ಬರೆಯುತ್ತಿದ್ದುದು ಯುದ್ಧಾನಂತರದ ನೆಮ್ಮದಿಗೆ ತೀರ ದೂರವಲ್ಲದ ಕಾಲದಲ್ಲಿ. ಬಿದನೂರಿನಲ್ಲಿ ಬಸಪ್ಪನಾಯಕನು ೧೭೦೯ರಲ್ಲಿ ಶಿವತತ್ತ್ವರತ್ನಾಕರವನ್ನು ಸಂಸ್ಕೃತದಲ್ಲಿ ರಚಿಸಿದನು. ಒಂಬತ್ತು ಕಲ್ಲೋಲಗಳಲ್ಲಿ ನೂರೆಂಟು ತರಂಗಗಳಾಗಿ ಹರಡಿರುವ ಆ ವಿಶ್ವಕೋಶವು ಮಗನಾದ ಸೋಮಶೇಖರನ ಪ್ರಶ್ನೆಗಳಿಗೆ ತಂದೆಯು ಹೇಳುವ ಉತ್ತರದ ರೂಪದಲ್ಲಿದೆ. ರಾಜನೀತಿ, ಶಿಲ್ಪ, ಪಾಕ, ರತ್ನಪರೀಕ್ಷೆ, ಅಶ್ವಲಕ್ಷಣ, ತನ್ನ ವಂಶದ ಚರಿತ್ರೆ, ಎಲ್ಲವೂ ಅದರಲ್ಲುಂಟು. ಮಗನಿಗೆ ಇಷ್ಟನ್ನೂ ಸಾವಕಾಶವಾಗಿ ಹೇಳಲು ಒಬ್ಬ ಅರಸನಿಗೆ ಬಿಡುವಿತ್ತೆಂಬುದೇ ಗಮನಿಸತಕ್ಕ ಸಂಗತಿ. ಕನ್ನಡದಲ್ಲಿ ಅವನ ಸೂಕ್ತಿಸುಧಾಕರವಿದೆ. ಲಿಂಗಣ್ಣಕವಿಯ ಕೆಳದಿನೃಪವಿಜಯವು ಹನ್ನೆರಡು ಆಶ್ವಾಸಗಳ ಚಂಪು, ೧೯೨೧ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಷ್ಕರಿಸಿ ಪ್ರಕಟಿಸಿದರು. ವಂಶದ ಕಥೆಯನ್ನು ಅದರ ಅಂತ್ಯದ ಅಂಚಿನಲ್ಲಿ ನಿಂತು ಬರೆದ ಕೃತಿಯಿದು.

ಶಾಂತಿಯು ಮುರಿದುದು ಎಲ್ಲೆಯಲ್ಲಿ ಅಲ್ಲ, ಎರಡು ಅರಮನೆಗಳೊಳಗೆ. ಬಿದನೂರಿನಲ್ಲಿ ಇಮ್ಮಡಿ ಬಸಪ್ಪನಾಯಕನ ತರುವಾಯ ಬಂದ ಚೆನ್ನಬಸಪ್ಪನು ೧೭೫೭ರಲ್ಲಿ ಇಲ್ಲವಾದನು. ರಾಣಿ ವೀರಮ್ಮಾಜಿಯ ಕೈಗೆ ಅಧಿಕಾರ ಬಂದಿತು. ಶ್ರೀರಂಗಪಟ್ಟಣದಲ್ಲಿ ೧೭೬೧ರಲ್ಲಿ ಹೈದರಾಲಿಯು ಸರ್ವಾಧಿಕಾರಿಯಾದನು. ಅವನಿಗೆ ಹಳೆಯ ಸಂಧಿಯ ಹಂಗಿರಲಿಲ್ಲ, ಹಣದ ಹಂಗಿತ್ತು. ಸತ್ತನೆಂದು ಎಲ್ಲರೂ ತಿಳಿದಿದ್ದ ಚೆನ್ನಬಸಪ್ಪನು ತಾನೇ ಎಂದು ಹೇಳಿಕೊಂಡು ಒಬ್ಬ ಯುವಕನು ಚಿತ್ರದುರ್ಗದ ಸೀಮೆಯಲ್ಲಿ ಅವನ ಬಳಿಗೆ ಬಂದನು. ನ್ಯಾಯವಾದ ಅರಸನನ್ನು ಪಟ್ಟಕ್ಕೇರಿಸುವ ನೆಪದಿಂದ ೧೭೬೩ರ ಆರಂಭದಲ್ಲಿ ಹೈದರನು ಹೊರಟನು. ಅವನು ಹಿಡಿದ ದಾರಿ ನಮ್ಮ ಶಿವಮೊಗ್ಗೆಯ ಮೇಲೆಯೇ ಹೋಗುತ್ತದೆ. ಈ ಲೇಖಕನು ವಾಸಿಸುವ ರವೀಂದ್ರನಗರದಿಂದ ಹೆಚ್ಚು ದೂರವಿಲ್ಲದ ತುಂಗಾತೀರದಲ್ಲಿರುವ ಅರಮನೆಗೆ ಜನರು ಶಿವಪ್ಪನಾಯಕನ ಹೆಸರನ್ನಿಟ್ಟಿದ್ದಾರೆ. ಅದರ ಮರದ ಕಂಬಕಮಾನುಗಳ ರೀತಿಯಾದರೋ ಹೈದರನ ಕಾಲದ್ದೆಂದು ತಜ್ಞರ ಅಭಿಪ್ರಾಯ. ಗೆದ್ದವನು ಕಟ್ಟಿದ್ದಕ್ಕೆ ಸೋತ ವಂಶದ ಹೆಸರು ನಿಂತುಹೋಯಿತು.

ಹೈದರನು ಮುಂದುವರಿದಂತೆಲ್ಲ ರಾಣಿಯು ಕಾಣಿಕೆಯನ್ನು ಹೆಚ್ಚಿಸುತ್ತ ಹೋದಳೆಂದು ವಿಲ್ಕ್ಸನು ಬರೆದಿರುವನು: ಮೊದಲು ನಾಲ್ಕು ಲಕ್ಷ ವರಹ, ಆಮೇಲೆ ಹನ್ನೆರಡು, ಕೊನೆಗೆ ಹದಿನೆಂಟು. ಈ ಅಂಕಿಗಳೇ ಶತ್ರುವಿನ ಆಸೆಯನ್ನು ಬೆಳೆಸಿದುವು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಿಂದಿನ ಮಂತ್ರಿ ಲಿಂಗಣ್ಣನು ಕಾಡಿನ ಗುಪ್ತಮಾರ್ಗವನ್ನು ತೋರಿಸಿಕೊಟ್ಟನು. ಒಂದೂಕಾಲು ಶತಮಾನ ರಾಜಧಾನಿಯನ್ನು ಕಾಯ್ದ ಕಾಡು ಹೀಗೆ ಒಬ್ಬನ ಮಾತಿನಿಂದ ನಿಷ್ಪ್ರಯೋಜಕವಾಯಿತು. ರಾಣಿಯು ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಸೆರೆಸಿಕ್ಕು, ಪಟ್ಟದ ಆಸೆಯಿಂದ ಬಂದಿದ್ದ ಯುವಕನೊಡನೆಯೇ ಮಧುಗಿರಿಯ ದುರ್ಗಕ್ಕೆ ಹೋದಳು. ಹೈದರನ ಕೈಸೇರಿದ ಸಂಪತ್ತನ್ನು ವಿಲ್ಕ್ಸನು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡುಗಳೆಂದು ಅಂದಾಜು ಮಾಡಿರುವನು. ಅದು ಅತಿಶಯವಿರಬಹುದು. ಆದರೆ ಬಿದನೂರಿನ ಲಾಭವೇ ತನ್ನ ಎಲ್ಲ ಉನ್ನತಿಗೂ ತಳಹದಿಯೆಂದು ಹೈದರನೇ ಹೇಳುತ್ತಿದ್ದನಂತೆ. ಮೂಡಲ ಗಡಿಯಲ್ಲಿ ಮೈಸೂರಿನ ಭಯವಿಲ್ಲದೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಕೂಡಿಬಿದ್ದ ಧನವು ಮೈಸೂರಿನ ಮುಂದಣ ಯುದ್ಧಗಳಿಗೆ ವ್ಯಯವಾಯಿತು. ಮಂಗಳೂರಿನ ರೇವು ಕೈಗೆ ಬಂದೊಡನೆ ಮೈಸೂರಿಗೆ ನೌಕಾಬಲದ ಯೋಚನೆ ಹುಟ್ಟಿತು. ಇಂಗ್ಲಿಷರೊಡನೆ ಕರಾವಳಿಯಲ್ಲಿ ತಿಕ್ಕಾಟವೂ ಆರಂಭವಾಯಿತು.

ವೀರಮ್ಮಾಜಿಯನ್ನು ೧೭೬೭ರಲ್ಲಿ ಮರಾಠರು ಮಧುಗಿರಿಯಿಂದ ಬಿಡಿಸಿದರು. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ಬಿದನೂರು ಹೈದರನಗರವಾಯಿತು, ಇಂದಿಗೂ ಹೊಸನಗರ ತಾಲ್ಲೂಕಿನಲ್ಲಿ ಅದು ನಗರವೆಂದೇ ಕರೆಯಲ್ಪಡುತ್ತಿದೆ. ಅಲ್ಲಿ ಹೈದರನು ಅಚ್ಚೊತ್ತಿಸಿದ ಬಹಾದ್ದೂರಿ ವರಹದ ಒಂದು ಮುಖದಲ್ಲಿ ಹಳೆಯ ಇಕ್ಕೇರಿಯ ಶಿವಪಾರ್ವತಿಯರೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರ ಬಂದಿತು. ಪೇಟೆಯ ವರ್ತಕರು ಬೇರೆ ಅಚ್ಚಿನ ನಾಣ್ಯವನ್ನು ಸುಲಭವಾಗಿ ಸ್ವೀಕರಿಸುತ್ತಿರಲಿಲ್ಲವೆಂದು ತೋರುತ್ತದೆ.