ವಿಮಾನ ಚಾಲಕರ ನಿವೃತ್ತಿ ವಯೋಮಿತಿ

ವಿಮಾನ ಚಾಲಕರ ನಿವೃತ್ತಿ ವಯೋಮಿತಿ ಎಂದರೆ ವಾಣಿಜ್ಯ ವಿಮಾನಗಳನ್ನು ನಡೆಸುವ ಪೈಲಟ್‌ಗಳು ಯಾವ ವಯಸ್ಸಿನವರೆಗೆ ಆ ಕೆಲಸದಲ್ಲಿ ಮುಂದುವರಿಯಬಹುದು ಎಂಬುದನ್ನು ನಿಗದಿಪಡಿಸುವ ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಮಾನದಂಡದಂತೆ, ಇಬ್ಬರು ಚಾಲಕರಿರುವ ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟಗಳಲ್ಲಿ ಈ ಮಿತಿ 65 ವರ್ಷ. ಒಬ್ಬನೇ ಚಾಲಕನಿರುವ ಹಾರಾಟಗಳಲ್ಲಿ 60 ವರ್ಷ. ಭಾರತ, ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಐರೋಪ್ಯ ಒಕ್ಕೂಟಗಳಲ್ಲಿಯೂ ವಿಮಾನಯಾನ ಕಂಪನಿಗಳ ಚಾಲಕರಿಗೆ 65ರ ಮಿತಿಯಿದೆ. ಖಾಸಗಿಯಾಗಿ ಸ್ವಂತ ವಿಮಾನ ಹಾರಿಸುವವರಿಗೆ ಸಾಮಾನ್ಯವಾಗಿ ಇಂತಹ ಮಿತಿ ಇಲ್ಲ. ವೈದ್ಯಕೀಯ ಅರ್ಹತೆ ಇದ್ದರೆ ಸಾಕು.

ಈ ನಿಯಮದ ದೀರ್ಘ ಇತಿಹಾಸವು ಅಮೆರಿಕದ್ದು. ಅಲ್ಲಿ 1960ರಿಂದ 2007ರವರೆಗೆ ಜಾರಿಯಲ್ಲಿದ್ದ ‘ಅರವತ್ತರ ನಿಯಮ’ವು ನ್ಯಾಯಾಲಯ, ಸಂಸತ್ತು ಮತ್ತು ಕಾರ್ಮಿಕ ಸಂಘಟನೆಗಳಲ್ಲಿ ಸುಮಾರು ಅರ್ಧ ಶತಮಾನ ಚರ್ಚೆಗೆ ಒಳಗಾಯಿತು.

ಅರವತ್ತರ ನಿಯಮದ ಹುಟ್ಟು

ಎರಡನೆಯ ಮಹಾಯುದ್ಧದ ನಂತರದ ದಶಕದಲ್ಲಿ ಅಮೆರಿಕದ ವಿಮಾನ ಚಾಲಕರಿಗೆ ಕಾನೂನಿನ ವಯೋಮಿತಿ ಇರಲಿಲ್ಲ. ಕೆಲವು ಕಂಪನಿಗಳು ತಾವಾಗಿಯೇ 60ಕ್ಕೆ ನಿವೃತ್ತಿಯನ್ನು ನಿಗದಿಪಡಿಸಿದ್ದವು. ಇದನ್ನು ಚಾಲಕರ ಸಂಘವಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ (ಆಲ್ಪಾ) ಪ್ರಶ್ನಿಸಿತು. ಒತ್ತಾಯದಿಂದ ನಿವೃತ್ತಿಗೊಳಿಸಿದವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಮಧ್ಯಸ್ಥಗಾರರು ತೀರ್ಪಿತ್ತರು. 1958ರ ಅಕ್ಟೋಬರ್‌ನಲ್ಲಿ ಪ್ಯಾನ್ ಅಮೆರಿಕನ್ ಕಂಪನಿಯು ಬೋಯಿಂಗ್ 707 ಜೆಟ್ ಸೇವೆಯನ್ನು ಆರಂಭಿಸಿದ ಮೇಲೆ, ಪಿಸ್ಟನ್ ಎಂಜಿನ್ನಿನ ವಿಮಾನಗಳಲ್ಲಿ ಪಳಗಿದ ಹಿರಿಯರಿಗೆ ಜೆಟ್ ಕಲಿಸುವ ವೆಚ್ಚದ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿತು.

1959ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ಸಿ. ಆರ್. ಸ್ಮಿತ್, ನಿವೃತ್ತಿಗೆ ಸೂಕ್ತ ವಯಸ್ಸೊಂದನ್ನು ಸರ್ಕಾರವೇ ಗೊತ್ತುಪಡಿಸುವುದು ಅಗತ್ಯವಾಗಬಹುದು ಎಂದು ಫೆಡರಲ್ ಏವಿಯೇಷನ್ ಏಜೆನ್ಸಿಯ (ಎಫ್‌ಎಎ) ಮೊದಲ ಆಡಳಿತಾಧಿಕಾರಿ ಎಲ್‌ವುಡ್ ಕೆಸಾಡಾ ಅವರಿಗೆ ಪತ್ರ ಬರೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಯಮ ಪ್ರಕಟವಾಗಿ, 1960ರ ಮಾರ್ಚ್ 15ರಿಂದ ಜಾರಿಗೆ ಬಂದಿತು. ವಯಸ್ಸಾದಂತೆ ಹೃದಯಾಘಾತ, ಪಾರ್ಶ್ವವಾಯುಗಳ ಸಾಧ್ಯತೆ ಹೆಚ್ಚುತ್ತದೆ. ಅವು ಯಾರಿಗೆ ಯಾವಾಗ ಬರುತ್ತವೆಂದು ಮುಂಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಅನಿವಾರ್ಯ ಎಂಬುದು ಎಫ್‌ಎಎ ನೀಡಿದ ಸಮರ್ಥನೆ. ಆಲ್ಪಾ ನ್ಯಾಯಾಲಯಕ್ಕೆ ಹೋಗಿ 1960ರಲ್ಲಿಯೇ ಸೋತಿತು. ಕೆಸಾಡಾ ಹುದ್ದೆಯಿಂದ ಇಳಿದ ಬಳಿಕ ಅಮೆರಿಕನ್ ಏರ್‌ಲೈನ್ಸ್‌ನ ನಿರ್ದೇಶಕ ಮಂಡಳಿಯನ್ನು ಸೇರಿದ್ದನ್ನು ನಿಯಮದ ವಿರೋಧಿಗಳು ಮುಂದೆಯೂ ಎತ್ತಿ ಆಡುತ್ತಿದ್ದರು. ಮೂಲದಲ್ಲಿ ವ್ಯಾವಹಾರಿಕ ಹಿತಾಸಕ್ತಿ ಇದ್ದುದು ನಿಜವಾದರೂ, ಅಷ್ಟರಿಂದಲೇ ಎಫ್‌ಎಎ ಮುಂದಿಟ್ಟ ವೈದ್ಯಕೀಯ ವಾದ ಹುಸಿಯಾಗುವುದಿಲ್ಲ.

ವೈದ್ಯಕೀಯ ಪ್ರಶ್ನೆ

ಆ ವಾದಕ್ಕೆ ಆಧಾರವಾಗಬಲ್ಲ ಅಪಘಾತಗಳಿವೆ. 1966ರ ಏಪ್ರಿಲ್ 22ರಂದು ಅಮೆರಿಕನ್ ಫ್ಲೈಯರ್ಸ್ ಕಂಪನಿಯ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನವು ಒಕ್ಲಹೋಮಾದ ಆರ್ಡ್‌ಮೋರ್ ಬಳಿ ಇಳಿಯುವ ಹಂತದಲ್ಲಿ ಗುಡ್ಡಕ್ಕೆ ಅಪ್ಪಳಿಸಿ 83 ಮಂದಿ ಸತ್ತರು. ಕ್ಯಾಪ್ಟನ್‌ಗೆ 59 ವರ್ಷ. ಆತ ಕಂಪನಿಯ ಅಧ್ಯಕ್ಷನೂ ಹೌದು. ಹೃದ್ರೋಗದಿಂದ ಆತ ನಿಶ್ಚೇಷ್ಟಿತನಾದದ್ದೇ ಕಾರಣವೆಂದು ತನಿಖೆ ನಿರ್ಧರಿಸಿತು. ವೈದ್ಯಕೀಯ ಪ್ರಮಾಣಪತ್ರ ಪಡೆಯುವಾಗ ಆತ ತನ್ನ ಕಾಯಿಲೆಯನ್ನು ಮುಚ್ಚಿಟ್ಟಿದ್ದನೆಂಬುದೂ ಹೊರಬಿದ್ದಿತು. 1972ರ ಜೂನ್ 18ರಂದು ಲಂಡನ್ನಿನ ಹೀಥ್ರೂನಿಂದ ಹೊರಟ ಟ್ರೈಡೆಂಟ್ ವಿಮಾನ ಕೆಲವೇ ನಿಮಿಷಗಳಲ್ಲಿ ಸ್ಟೇನ್ಸ್ ಬಳಿ ಬಿದ್ದು ಅದರಲ್ಲಿದ್ದ 118 ಮಂದಿಯೂ ಮೃತಪಟ್ಟರು. ಅದರ ಕ್ಯಾಪ್ಟನ್‌ನ ಮರಣೋತ್ತರ ಪರೀಕ್ಷೆಯಲ್ಲಿ ಗಂಭೀರ ಹೃದ್ರೋಗ ಕಂಡುಬಂದಿತು. ನಿಯತ ತಪಾಸಣೆಗಳಲ್ಲಿ ಅದು ಪತ್ತೆಯಾಗಿರಲಿಲ್ಲ. ಆತನ ವಯಸ್ಸು 51.

ಈ ಎರಡು ಘಟನೆಗಳನ್ನು ಎರಡೂ ಪಕ್ಷದವರು ಬಳಸಬಹುದು. ಹೃದಯ ಕೈಕೊಟ್ಟರೆ ನೂರಾರು ಜೀವಗಳು ಹೋಗುತ್ತವೆಂಬುದು ಒಂದು ಪಾಠ. 60ರ ಗೆರೆಯು ಇವರಿಬ್ಬರಲ್ಲಿ ಒಬ್ಬರನ್ನೂ ತಡೆಯುತ್ತಿರಲಿಲ್ಲ ಎಂಬುದು ಇನ್ನೊಂದು. ವಯೋಮಿತಿಯ ವಿರೋಧಿಗಳು ಇದಕ್ಕೆ 2015ರ ಮಾರ್ಚ್ 24ರ ಜರ್ಮನ್‌ವಿಂಗ್ಸ್ ದುರಂತವನ್ನೂ ಸೇರಿಸಬಹುದು. ಅಂದು 150 ಮಂದಿಯ ಸಾವಿಗೆ ಕಾರಣನಾದ ಸಹಚಾಲಕನಿಗೆ 27 ವರ್ಷ. ಅವನೂ ಮಾನಸಿಕ ಅಸ್ವಾಸ್ಥ್ಯವನ್ನು ಕಂಪನಿಯಿಂದ ಮರೆಮಾಚಿದ್ದನು.

ಮಿತಿ ಏರಿದ ಮೇಲಿನ ಅನುಭವವೂ ಇದೆ. 2009ರ ಜೂನ್ 18ರಂದು ಬ್ರಸೆಲ್ಸ್‌ನಿಂದ ನೂವರ್ಕ್‌ಗೆ ಹೊರಟಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್‌ನ ಬೋಯಿಂಗ್ 777ರ 60 ವರ್ಷದ ಕ್ಯಾಪ್ಟನ್ ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದಾಗಲೇ ತೀರಿಕೊಂಡರು. ದೀರ್ಘ ಪ್ರಯಾಣವಾದ್ದರಿಂದ ಇನ್ನೊಬ್ಬ ಚಾಲಕನೂ ವಿಮಾನದಲ್ಲಿದ್ದನು. ಉಳಿದ ಇಬ್ಬರು ವಿಮಾನವನ್ನು ಕ್ಷೇಮವಾಗಿ ಇಳಿಸಿದರು. ಇಬ್ಬರು ಚಾಲಕರ ಪದ್ಧತಿಯ ಉದ್ದೇಶವೇ ಇದು. ಚಾಲಕರ ತರಬೇತಿಯಲ್ಲಿ ಜೊತೆಗಾರನು ಕುಸಿದು ಬೀಳುವ ಸನ್ನಿವೇಶವನ್ನೂ ಅಭ್ಯಾಸ ಮಾಡಿಸಲಾಗುತ್ತದೆ.

ಹೃದಯಕ್ಕಿಂತ ಹೆಚ್ಚು ಜಟಿಲವಾದುದು ಮನಸ್ಸಿನ ಚುರುಕಿನ ಪ್ರಶ್ನೆ. ವಯಸ್ಸಾದಂತೆ ಪ್ರತಿಕ್ರಿಯೆಯ ವೇಗ ಮತ್ತು ತತ್‌ಕ್ಷಣದ ನೆನಪು ತಗ್ಗುತ್ತವೆ. ಆದರೆ ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಅಲ್ಲ. 40ರಿಂದ 69 ವರ್ಷದ 118 ಖಾಸಗಿ ವಲಯದ ಚಾಲಕರನ್ನು ಸಿಮ್ಯುಲೇಟರ್‌ನಲ್ಲಿ ಮೂರು ವರ್ಷ ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಹಿರಿಯರ ಅಂಕಗಳು ಕಡಿಮೆಯಿದ್ದವು. ಕಾಲ ಕಳೆದಂತೆ ಅವರ ಸಾಮರ್ಥ್ಯದ ಇಳಿಕೆ ಕಿರಿಯರದಕ್ಕಿಂತ ನಿಧಾನವಾಗಿತ್ತು. ಎದುರು ಬರುವ ವಿಮಾನಗಳನ್ನು ತಪ್ಪಿಸುವುದರಲ್ಲಿ ಅವರೇ ಮುಂದಿದ್ದರು. ಹೆಚ್ಚಿನ ದರ್ಜೆಯ ಪರವಾನಗಿ ಪಡೆದವರಲ್ಲಿ ಇಳಿಕೆ ಇನ್ನೂ ಕಡಿಮೆ. ಇದಕ್ಕೂ ಮೊದಲು, ಅಮೆರಿಕದ ಸಂಸತ್ತಿನ ಸೂಚನೆಯಂತೆ ನಡೆದು 1981ರಲ್ಲಿ ಮುಗಿದ ವಿಚಾರಣೆಯು, 60 ಎಂಬ ಸಂಖ್ಯೆಗೆ ವಿಶೇಷ ವೈದ್ಯಕೀಯ ಮಹತ್ವವಿಲ್ಲ ಎಂದು ಒಪ್ಪಿಕೊಂಡೂ ನಿಯಮವನ್ನು ಉಳಿಸಿಕೊಳ್ಳಲು ಶಿಫಾರಸು ಮಾಡಿತ್ತು. ಆ ಸಂಖ್ಯೆಗೆ ಬದಲಾಗಿ ಇಡಬಹುದಾದ ವೈಯಕ್ತಿಕ ಪರೀಕ್ಷೆ ಆಗ ಇರಲಿಲ್ಲ. ಸರ್ವಸಮ್ಮತವಾದದ್ದು ಈಗಲೂ ಇಲ್ಲ.

ಅನುಭವದ ಬೆಲೆಗೆ ಸಾಮಾನ್ಯವಾಗಿ ಎರಡು ಉದಾಹರಣೆಗಳನ್ನು ಕೊಡಲಾಗುತ್ತದೆ. 1989ರ ಜುಲೈ 19ರಂದು ಯುನೈಟೆಡ್ 232ರ ನಿಯಂತ್ರಣ ವ್ಯವಸ್ಥೆಯೇ ನಾಶವಾದಾಗ ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಎಂಜಿನ್‌ಗಳ ಬಲವನ್ನು ಏರಿಳಿಸುತ್ತ ಅದನ್ನು ಸೂ ಸಿಟಿಗೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು. 2009ರ ಜನವರಿ 15ರಂದು ಚೆಸ್ಲಿ ಸಲ್ಲನ್‌ಬರ್ಗರ್ ಎಂಜಿನ್‌ಗಳು ನಿಂತುಹೋದ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಮಂದಿಯನ್ನೂ ಉಳಿಸಿದರು. ಇಬ್ಬರಿಗೂ ಆಗ 57 ವರ್ಷ. ಹೇನ್ಸ್ 1991ರಲ್ಲಿ 60 ತುಂಬಿದ ಕಾರಣ ಹುದ್ದೆ ಬಿಟ್ಟರು. ಆದರೆ 57ರ ಸಾಧನೆಯು 66ರ ಸಾಮರ್ಥ್ಯಕ್ಕೆ ಸಾಕ್ಷಿಯಾಗಲಾರದು ಎಂಬ ಆಕ್ಷೇಪವೂ ಅಷ್ಟೇ ಸರಿ.

ಮೂರನೆಯ ಆಸನ

ಅರವತ್ತರ ನಿಯಮವು ಚಾಲಕರಿಗೆ ಮಾತ್ರ ಅನ್ವಯಿಸುತ್ತಿತ್ತು. ಅದೇ ಕಾಕ್‌ಪಿಟ್‌ನಲ್ಲಿ ಹಿಂದೆ ಕುಳಿತು ಎಂಜಿನ್‌ಗಳನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್‌ಗಳಿಗೆ ಅನ್ವಯಿಸುತ್ತಿರಲಿಲ್ಲ. ವೆಸ್ಟರ್ನ್ ಏರ್‌ಲೈನ್ಸ್ ಕಂಪನಿಯು ಅವರನ್ನೂ 60ಕ್ಕೆ ನಿವೃತ್ತಿಗೊಳಿಸಲು ಹೊರಟಾಗ, ಅದು ವಯೋತಾರತಮ್ಯವೆಂಬ ಕೆಳ ನ್ಯಾಯಾಲಯದ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲಿ ಎತ್ತಿಹಿಡಿಯಿತು. ಇದರಿಂದಾಗಿ ಕೆಲವು ಕ್ಯಾಪ್ಟನ್‌ಗಳು 60 ತುಂಬಿದ ಮೇಲೆ ದರ್ಜೆ ಇಳಿಸಿಕೊಂಡು ಹಿಂದಿನ ಆಸನಕ್ಕೆ ಸರಿದು ಹಾರಾಟ ಮುಂದುವರಿಸಿದರು. ಇಬ್ಬರೇ ನಡೆಸಬಲ್ಲ ಹೊಸ ವಿಮಾನಗಳು ಬಂದಂತೆ ಆ ಆಸನವೇ ಇಲ್ಲವಾಯಿತು.

ಸೇವಾಜ್ಯೇಷ್ಠತೆ ಮತ್ತು ಪಿಂಚಣಿ

ಸುರಕ್ಷತೆಯ ಚರ್ಚೆಯ ಹಿಂದೆ ಸಂಬಳದ ಚರ್ಚೆಯೊಂದು ನಡೆದೇ ಇತ್ತು. ವಿಮಾನಯಾನ ಕಂಪನಿಗಳಲ್ಲಿ ಬಡ್ತಿ, ವಿಮಾನದ ಮಾದರಿ, ಮಾರ್ಗ, ರಜೆ ಎಲ್ಲವೂ ಸೇವಾಜ್ಯೇಷ್ಠತೆಯ ಪಟ್ಟಿಯನ್ನು ಅವಲಂಬಿಸಿವೆ. ಮೇಲಿನವರು ನಿವೃತ್ತರಾದರೆ ಮಾತ್ರ ಕೆಳಗಿನವರು ಏರುತ್ತಾರೆ. 1960ರಲ್ಲಿ ನಿಯಮವನ್ನು ವಿರೋಧಿಸಿದ್ದ ಆಲ್ಪಾ, ಸದಸ್ಯರಲ್ಲಿ ಕಿರಿಯರ ಸಂಖ್ಯೆ ಬೆಳೆದ ಮೇಲೆ, 1980ರ ದಶಕದಿಂದ ಅದರ ಸಮರ್ಥಕನಾಯಿತು.

ಈ ನಿಲುವನ್ನು ಬದಲಿಸುವುದರಲ್ಲಿ ದಿವಾಳಿಗಳ ಪಾತ್ರ ದೊಡ್ಡದು. 2001ರ ನಂತರ ಯುಎಸ್ ಏರ್‌ವೇಸ್, ಯುನೈಟೆಡ್, ಡೆಲ್ಟಾ ಕಂಪನಿಗಳು ನ್ಯಾಯಾಲಯದ ರಕ್ಷಣೆಯಲ್ಲಿ ಚಾಲಕರ ಪಿಂಚಣಿ ಯೋಜನೆಗಳನ್ನು ಕೈಬಿಟ್ಟವು. ಅವನ್ನು ವಹಿಸಿಕೊಂಡ ಸರ್ಕಾರಿ ವಿಮಾ ನಿಗಮವು ಪೂರ್ಣ ಮೊತ್ತದ ಖಾತರಿ ಕೊಡುತ್ತಿದ್ದುದು 65ಕ್ಕೆ ನಿವೃತ್ತರಾದವರಿಗೆ. ಕಾನೂನು 60ಕ್ಕೇ ಮನೆಗೆ ಕಳುಹಿಸಿದ ಚಾಲಕರು ಅದರ ಲೆಕ್ಕದಲ್ಲಿ ‘ಮುಂಚಿತವಾಗಿ’ ನಿವೃತ್ತರಾದವರು. ಆದ್ದರಿಂದ ಅವರಿಗೆ ಕಡಿಮೆ ಮೊತ್ತ ಸಲ್ಲುತ್ತಿತ್ತು. 2007ರ ಮೇ ತಿಂಗಳಲ್ಲಿ ಆಲ್ಪಾ ತನ್ನ ವಿರೋಧವನ್ನು ಹಿಂತೆಗೆದುಕೊಂಡಿತು.

65ಕ್ಕೆ ಏರಿಕೆ

ಐಸಿಎಒ 2006ರ ನವೆಂಬರ್ 23ರಿಂದ ಮಿತಿಯನ್ನು 65ಕ್ಕೆ ಏರಿಸಿತು. ಒಬ್ಬ ಚಾಲಕನು 60 ದಾಟಿದ್ದರೆ ಇನ್ನೊಬ್ಬನು 60ಕ್ಕಿಂತ ಕಿರಿಯನಾಗಿರಬೇಕೆಂಬ ಷರತ್ತು 2014ರ ನವೆಂಬರ್‌ವರೆಗೆ ಇತ್ತು. ಪರಿಣಾಮವಾಗಿ, 60 ದಾಟಿದ ವಿದೇಶಿ ಕ್ಯಾಪ್ಟನ್‌ಗಳು ಅಮೆರಿಕದ ನಿಲ್ದಾಣಗಳಿಗೆ ವಿಮಾನ ತರುತ್ತಿದ್ದಾಗ ಅಮೆರಿಕದ ಚಾಲಕರು ಅದೇ ವಯಸ್ಸಿಗೆ ಮನೆಗೆ ಹೋಗುವಂತಾಯಿತು. 2007ರ ಡಿಸೆಂಬರ್ 13ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾನೂನು ಅಲ್ಲಿಯೂ 65ನ್ನು ಜಾರಿಗೊಳಿಸಿತು. ಅದು ಪೂರ್ವಾನ್ವಯವಾಗಲಿಲ್ಲ. ಹಿಂದಿನ ವಾರ 60 ತುಂಬಿ ನಿವೃತ್ತನಾದವನು ಮರಳಬೇಕಾದರೆ ಹೊಸಬನಾಗಿ, ಜ್ಯೇಷ್ಠತೆಯ ಪಟ್ಟಿಯ ಕೊನೆಗೆ ಸೇರಬೇಕಿತ್ತು.

ಐರೋಪ್ಯ ನ್ಯಾಯಾಲಯವು 2011ರಲ್ಲಿ, ಲುಫ್ತಾನ್ಸಾದ ಕಾರ್ಮಿಕ ಒಪ್ಪಂದದಲ್ಲಿದ್ದ 60ರ ಮಿತಿಯನ್ನು ತಾರತಮ್ಯವೆಂದು ತಳ್ಳಿಹಾಕಿತು; 2017ರ ಇನ್ನೊಂದು ಪ್ರಕರಣದಲ್ಲಿ 65ರ ಮಿತಿಯನ್ನು ಒಪ್ಪಿತು. ಜಪಾನ್ 2015ರಲ್ಲಿ ಮಿತಿಯನ್ನು 67ಕ್ಕೆ ಏರಿಸಿದೆ.

ಭಾರತದಲ್ಲಿ

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು (ಡಿಜಿಸಿಎ) ಚಾಲಕರ ಪರವಾನಗಿ ಮತ್ತು ವೈದ್ಯಕೀಯ ಅರ್ಹತೆಯನ್ನು ನಿಯಂತ್ರಿಸುತ್ತದೆ. ಚಾಲಕರ ವೈದ್ಯಕೀಯ ತಪಾಸಣೆ ನಡೆಯುವ ವಾಯುಪಡೆಯ ಕೇಂದ್ರಗಳಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಒಂದು. ಕಾನೂನಿನ ಮಿತಿಗೂ ಕಂಪನಿಯ ನಿವೃತ್ತಿ ವಯಸ್ಸಿಗೂ ವ್ಯತ್ಯಾಸವಿರಬಹುದು: ಏರ್ ಇಂಡಿಯಾದಲ್ಲಿ ನಿವೃತ್ತಿ ವಯಸ್ಸು 58 ಆಗಿತ್ತು. 2022ರಲ್ಲಿ ಟಾಟಾ ಸಮೂಹದ ಒಡೆತನಕ್ಕೆ ಬಂದ ಬಳಿಕ, ಅರ್ಹ ಚಾಲಕರನ್ನು ನಿವೃತ್ತಿಯ ನಂತರವೂ ಗುತ್ತಿಗೆಯ ಮೇಲೆ 65ರವರೆಗೆ ಉಳಿಸಿಕೊಳ್ಳುವ ಯೋಜನೆಯನ್ನು ಅದು ರೂಪಿಸಿತು. ದೊಡ್ಡ ವಿಮಾನಗಳ ಕ್ಯಾಪ್ಟನ್ ತಯಾರಾಗಲು ವರ್ಷಗಳೇ ಬೇಕಾಗುವುದರಿಂದ, ವಿಸ್ತರಣೆಯ ಹಾದಿಯಲ್ಲಿರುವ ಕಂಪನಿಗೆ ನಿವೃತ್ತಿಯೊಂದು ನೇಮಕಾತಿಯಷ್ಟೇ ದೊಡ್ಡ ಲೆಕ್ಕ.

67ರ ಪ್ರಸ್ತಾಪ

ಕೋವಿಡ್ ಕಾಲದಲ್ಲಿ ಅಮೆರಿಕದ ಕಂಪನಿಗಳು ಸಾವಿರಾರು ಹಿರಿಯ ಚಾಲಕರಿಗೆ ಸ್ವಯಂ ನಿವೃತ್ತಿಯ ಆಮಿಷ ಒಡ್ಡಿದವು. ಪ್ರಯಾಣಿಕರು ಮರಳಿದಾಗ ಚಾಲಕರ ಕೊರತೆ ಕಾಣಿಸಿಕೊಂಡಿತು. 2023ರ ಜುಲೈನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯು ಮಿತಿಯನ್ನು 67ಕ್ಕೆ ಏರಿಸುವ ಅಂಶವಿದ್ದ ಮಸೂದೆಯನ್ನು ಅಂಗೀಕರಿಸಿತು. ಆಲ್ಪಾ ಈ ಬಾರಿ ವಿರೋಧಿಸಿತು. ಐಸಿಎಒ ಮಿತಿ 65ರಲ್ಲಿಯೇ ಇರುವಾಗ, 66ರ ಕ್ಯಾಪ್ಟನ್ ವಿದೇಶಕ್ಕೆ ಹಾರಲಾರನು. ಜ್ಯೇಷ್ಠತೆಯ ಬಲದಿಂದ ಆತ ದೇಶದೊಳಗಿನ ಸಣ್ಣ ವಿಮಾನಕ್ಕೆ ಬಂದರೆ ಅಲ್ಲಿದ್ದವನು ಕೆಳಗಿಳಿಯಬೇಕು, ಇಬ್ಬರಿಗೂ ಮರುತರಬೇತಿ ಬೇಕು ಎಂಬುದು ಅದರ ಪ್ರಮುಖ ವಾದ. 2024ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯಲ್ಲಿ ಪ್ರಸ್ತಾಪ ಸೋತಿತು. ಮೇ 16ರಂದು ಸಹಿಯಾದ ಕಾನೂನಿನಲ್ಲಿ ಅದು ಇರಲಿಲ್ಲ. 2025ರಲ್ಲಿ ವಿಮಾನಯಾನ ಕಂಪನಿಗಳ ಒಕ್ಕೂಟವಾದ ಐಯಾಟಾ, ಇಬ್ಬರಲ್ಲಿ ಒಬ್ಬನು 65 ದಾಟಿರದಿದ್ದರೆ ಇನ್ನೊಬ್ಬನಿಗೆ 67ರವರೆಗೆ ಅವಕಾಶ ಕೊಡಬೇಕೆಂದು ಐಸಿಎಒ ಮುಂದೆ ಕೇಳಿಕೊಂಡಿತು.