ಮನೆಯಲ್ಲಿ ಅಕ್ಕನಿದ್ದಾಳೆ

ಕೂಲಿಗೆ ಬಂದ ತಾಯಿಯನ್ನು 'ಮಗುವನ್ನು ಯಾರ ಬಳಿ ಬಿಟ್ಟು ಬಂದೆ?' ಎಂದು ಕೇಳಿದರೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ದೊರೆಯುತ್ತ ಬಂದಿರುವ ಉತ್ತರವೊಂದಿದೆ: 'ಮನೆಯಲ್ಲಿ ಅದರ ಅಕ್ಕ ಇದ್ದಾಳೆ.' ಕೇಳಿದವರಿಗೆ ಅಷ್ಟರಿಂದಲೇ ಸಮಾಧಾನ. ಆ ಅಕ್ಕನ ವಯಸ್ಸು ಏಳೋ ಎಂಟೋ ಎಂಬುದನ್ನು ವಿಚಾರಿಸುವವರು ವಿರಳ. ವಾಸ್ತವವಾಗಿ ಆ ಮನೆಯಲ್ಲಿ ಹಿರಿಯರ ಕಣ್ಣಿಲ್ಲದೆ ಉಳಿದಿರುವುದು ಒಂದು ಮಗುವಲ್ಲ, ಎರಡು.

ಹಳ್ಳಿಯ ಕೂಡುಕುಟುಂಬದಲ್ಲಿ ಈ ಉತ್ತರಕ್ಕೆ ಒಂದು ಆಸರೆಯಿತ್ತು. ಅಕ್ಕನ ಬೆನ್ನಿಗೆ ಅಜ್ಜಿಯಿದ್ದಳು, ಕೂಗಿದರೆ ಓಗೊಡುವ ನೆರೆಮನೆಯಿತ್ತು. ಹೊಲದಂಚಿನ ಮರಕ್ಕೆ ಸೀರೆಯ ಜೋಲಿ ಕಟ್ಟಿದರೆ ಕೂಸು ತಾಯಿಯ ಕಣ್ಣಳತೆಯಲ್ಲೇ ಮಲಗುತ್ತಿತ್ತು. ದೊಡ್ಡ ಕಾಮಗಾರಿಗಳ ಕಾಲ ಈ ಆಸರೆಯನ್ನು ಸಡಿಲಿಸಿತು.

ಉತ್ತರ ಕನ್ನಡದ ಅಂಬಿಕಾನಗರವನ್ನೇ ನೋಡೋಣ. ಕಾಳೀ ನದಿಯ ಜಲವಿದ್ಯುತ್ ಯೋಜನೆಯಿಂದ ಬೆಳೆದ ಊರಿದು. ನಾಗಝರಿ ವಿದ್ಯುದಾಗಾರ ಇರುವುದು ಇಲ್ಲಿಯೇ. ಅದರ ಮೇಲ್ಭಾಗದಲ್ಲಿ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅದೇ ಯೋಜನೆಯ ಅಂಗವಾಗಿ ಎದ್ದು ನಿಂತಿತು. ಇಂಥ ಕಾಮಗಾರಿಗಳಿಗೆ ದೂರದೂರುಗಳಿಂದ ಬರುವ ಕೂಲಿಕಾರರು ಗಂಟುಮೂಟೆಯನ್ನು ಹೊತ್ತು ತರಬಲ್ಲರು. ಅಜ್ಜಿಯನ್ನೂ ನೆರೆಹೊರೆಯನ್ನೂ ತರಲಾರರು. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ ಶೆಡ್ಡಿನಲ್ಲಿ ಉಳಿಯುವವಳು ಅಕ್ಕ ಒಬ್ಬಳೇ. ಅವಳ ಬಳಿ ಒಲೆಯ ಕೆಂಡ, ನೀರಿನ ಹಂಡೆ, ಅಳುವ ಕೂಸು. ಅಂದು ಶಾಲೆಯಲ್ಲಿ ಅವಳ ಜಾಗ ಖಾಲಿ.

ಕಾನೂನು ಈ ವಿಷಯದಲ್ಲಿ ಕಣ್ಣು ತೆರೆದದ್ದು ನಿಧಾನವಾಗಿ. 1948ರ ಕಾರ್ಖಾನೆಗಳ ಕಾಯಿದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವಿರಬೇಕೆಂದಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿಯೇ ರೂಪುಗೊಂಡ ಕಾಯಿದೆ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಸೂಪಾ ಅಣೆಕಟ್ಟಿನ ಹಿಂದೆ ನೀರು ನಿಂತು ವರ್ಷಗಳೇ ಕಳೆದಿದ್ದವು. ಆ ಕಾಯಿದೆಯೂ 50ಕ್ಕಿಂತ ಹೆಚ್ಚು ಹೆಂಗಸರಿರಬೇಕೆಂದೇ ಹೇಳಿತು. ಎಣಿಕೆ ತಾಯಂದಿರದು, ಮಕ್ಕಳದಲ್ಲ. ನಲವತ್ತು ಮಂದಿ ತಾಯಂದಿರಿದ್ದರೆ ಅವರ ಕೂಸುಗಳಿಗೆ ಹಸಿವೆಯಿಲ್ಲವೆ, ಬೆಂಕಿಯ ಭಯವಿಲ್ಲವೆ?

ಈ ಲೆಕ್ಕವನ್ನು ಮೀರಿ ಯೋಚಿಸಿದವರೂ ಉಂಟು. ಗಾಂಧಿ ಶತಾಬ್ದಿಯ 1969ರಲ್ಲಿ ದೆಹಲಿಯ ನಿರ್ಮಾಣಸ್ಥಳವೊಂದರಲ್ಲಿ ಧೂಳಿನ ನಡುವೆ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅವರು ಮೊಬೈಲ್ ಕ್ರೆಷಸ್ ಸಂಸ್ಥೆಯನ್ನು ಆರಂಭಿಸಿದರು. ತಾಯಿ ಎಲ್ಲಿ ದುಡಿಯುವಳೋ ಅಲ್ಲಿಗೇ ಶಿಶುಗೃಹ ಬರಬೇಕೆಂಬುದು ಅದರ ತತ್ತ್ವ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ನಮ್ಮ ಟಿ. ನರಸೀಪುರವೂ ಅವುಗಳಲ್ಲೊಂದಾಗಿತ್ತು. ಅಂಗನವಾಡಿಯ ಉಪಕಾರ ದೊಡ್ಡದು. ಆದರೆ ಅದರ ಬಾಗಿಲು ಮುಚ್ಚಿದ ಮೇಲೂ ತಾಯಿಯ ಕೂಲಿ ಮುಂದುವರಿಯುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ಘೋಷಿಸಿದ್ದು ಈ ಕೊರತೆಯನ್ನು ಮನಗಂಡೇ.

ಇವೆಲ್ಲವೂ ಕೂಸಿನ ಹೆಸರಿನಲ್ಲಿ ನಡೆದ ಪ್ರಯತ್ನಗಳು. ಆದರೆ ಒಂದು ಶಿಶುಗೃಹ ತೆರೆದಾಗ ಬಿಡುಗಡೆ ಹೊಂದುವವಳು ಅಕ್ಕನೂ ಹೌದು. ಆರು ತುಂಬಿದೊಡನೆ ಅವಳು ಕಾನೂನಿನ ಶಿಶುಗಳ ಪಟ್ಟಿಯಿಂದ ಹೊರಬಿದ್ದಳು. ಮನೆಯ ಲೆಕ್ಕದಲ್ಲಿ ಅಂದೇ ದೊಡ್ಡವಳಾದಳು. ಅವಳ ಬಾಲ್ಯಕ್ಕೆ ಲೆಕ್ಕವಿಟ್ಟವರಿಲ್ಲ.

ನಮ್ಮ ಜನಪದರಿಗೆ ಈ ವಿವೇಕ ಹೊಸತೇನಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ನಡೆಸಲು ಹೊರಟಾಗ ತನ್ನ ಕರುವನ್ನು ಒಪ್ಪಿಸಿದ್ದು ಜೊತೆಯ ಹಸುಗಳಿಗೆ, ಇನ್ನೊಂದು ಕರುವಿಗಲ್ಲ.